ಯಜಮಾನರ ಹೆಸರು

ಮದ್ದೂರಿನ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿಯೊಬ್ಬಳಿದ್ದಳು. ಕೆಲಸಕ್ಕೆ ಸೇರಿ ಇನ್ನೂ ವಾರ. ಮುಂಗೈ ಮೇಲೆ ಪುಟ್ಟ ಚಿಟ್ಟೆಯ ಟ್ಯಾಟೂ.

ಅದು ಪುಟ್ಟತಾಯಮ್ಮನವರ ಕಣ್ಣಿಗೆ ಬಿತ್ತು. ದೊಡ್ಡ ಮನೆ ಗೌಡತಿ. ಆಸ್ಪತ್ರೆಯ ಕಟ್ಟಡವೇ ಅವರದು.

"ಡಾಕ್ಟ್ರೇ, ಮಾನವಂತರ ಮನೆ ಹೆಣ್ಣು ಮೈಮೇಲೆ ಚಿತ್ರ ಬರೆಸ್ಕೊತಾಳಾ? ಮೊದ್ಲು ಇವಳನ್ನ ಮನೆಗೆ ಕಳ್ಸಿ!"

ಡಾಕ್ಟರು ತಲೆ ಕೆರೆದುಕೊಂಡರು. ಆದರೆ ಹುಡುಗಿ ಅಜ್ಜಿ ಸಾಕಿದವಳು. ಆ ಕಾಲದ ಹೆಂಗಸರ ರೀತಿಯೆಲ್ಲ ಬಲ್ಲವಳು.

"ಹೋಗ್ತೀನಮ್ಮ. ನಿಮ್ಮದೊಂದು ಚೀಟಿ ಬರ್ದುಬಿಡ್ತೀನಿ. ಹಲ್ಲುನೋವು ಯಾರಿಗೆ?"

"ನಮ್ಮ ಯಜಮಾನ್ರಿಗೆ. ಕಾರಲ್ಲಿ ಕೂತವ್ರೆ."

"ಅವರ ಹೆಸರು?"

ಮದುವೆಯಾದ ದಿನದಿಂದ ಪುಟ್ಟತಾಯಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ಯಾರು ಕೇಳಿದರೂ ಮಾಡುವಂತೆ, ಬಳೆ ಹಿಂದೆ ಸರಿಸಿ ಮುಂಗೈ ಚಾಚಿದರು. ಹಸಿರು ಹಚ್ಚೆಯಲ್ಲಿ 'ಚಿಕ್ಕಬೋರೇಗೌಡ' ಎಂದಿತ್ತು.

ಹುಡುಗಿ ನೋಡಿಕೊಂಡು ಬರೆದಳು. ಆಮೇಲೆ ತನ್ನ ಚಿಟ್ಟೆಯ ಕೈಯನ್ನು ಮೆಲ್ಲಗೆ ಆ ಕೈಯ ಪಕ್ಕಕ್ಕಿಟ್ಟಳು.

ಗೌಡತಿ ಎರಡೂ ಕೈ ನೋಡಿದರು. ಡಾಕ್ಟರು ಕೆಮ್ಮಿ ಗೋಡೆಯತ್ತ ತಿರುಗಿದರು. ಗೌಡತಿಗೆ ನಗು ತಡೆಯಲಾಗಲಿಲ್ಲ.

"ಕೂತ್ಕೊಳ್ಳವ್ವ, ಎಲ್ಲೂ ಹೋಗ್ಬೇಡ. ನಿನ್ ಚಿಟ್ಟೇನೇ ವಾಸಿ, ಸುಮ್ನೆ ಕೂತದೆ. ನಂದು ಬೆಳಗೆದ್ರೆ ಕಾಫಿ ಕೇಳ್ತದೆ!"