ಮಾತಾಡದ ಕರಿ ಮೂರು

ಹೊಳೆ ದಂಡೆಯ ಮಠದಲ್ಲಿ ನಮ್ಮ ಗುರುಗಳಿದ್ದರು, ಚರಂತಯ್ಯ ಮಾಸ್ತರರು. ಕಾಲುಪೇಟಿ ನುಡಿಸುವುದರಲ್ಲಿ ಅವರಂಥವರು ಸುತ್ತ ಇಪ್ಪತ್ತು ಹಳ್ಳಿಯಲ್ಲಿ ಇಲ್ಲ. ಅವರ ಶಿಷ್ಯ ನಾನು, ಭೀಮಸಿ. ನನ್ನಂಥ ಶಿಷ್ಯನೂ ಇಲ್ಲ. ಇದನ್ನು ನಾನೇ ಹೇಳಬೇಕು, ಅವರು ಹೇಳುವವರಲ್ಲ.

ಕಾಲುಪೇಟಿ ಅಂದರೆ ಕುರ್ಚಿಯ ಮೇಲೆ ಕೂತು, ಕಾಲಿಂದ ತಿದಿ ಒತ್ತಿ, ಎರಡೂ ಕೈಯಿಂದ ನುಡಿಸುವ ಹಾರ್ಮೋನಿಯಂ. ನಾಟಕ ಕಂಪನಿಗಳ ಕಾಲದ್ದು. ಮಾಸ್ತರರ ಮೊಣಕಾಲು ಹೋಗಿ ಎರಡು ವರ್ಷ. ಅಂದಿನಿಂದ ಪೇಟಿ ಮೂಕ.

ಕೈಪೇಟಿ ತಂದುಕೊಟ್ಟೆ. ಒಂದು ಕೈ ತಿದಿಗೇ ಹೋಗುತ್ತದೆ ಅಂತ ಪಕ್ಕಕ್ಕೆ ಸರಿಸಿದರು. ಹಾಗಾದರೆ ನಿಮ್ಮ ಪೇಟಿಯನ್ನೇ ನುಡಿಸಿರಿ, ತಿದಿ ನಾನು ಒತ್ತುತ್ತೇನೆ ಅಂದೆ.

“ಉಸಿರು ನಿಂದು, ಬೆರಳು ನಂದು. ಹುಟ್ಟಿದ ಕೂಸು ಯಾರದು ತಮ್ಮಾ?”

ಮುಂದಿನ ಹುಣ್ಣಿಮೆಯ ಮರುದಿನ ಬಂದು ಪೇಟಿ ಒಯ್ಯಲಿ, ಬಿಚ್ಚಿದರೆ ಸ್ವರ ಹೊರಡಿಸುವ ಒಳಗಿನ ಹಿತ್ತಾಳೆ ರೀಡುಗಳಾದರೂ ಯಾರಿಗೋ ಬಂದಾವು ಅಂತ ಪೇಟೆಯ ರಿಪೇರಿಯವನಿಗೆ ಹೇಳಿಕಳಿಸಿದರು.

ಪೇಟಿಯ ಒಂದೊಂದು ಸ್ವರವನ್ನೂ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ತುಂಬುತ್ತೇನೆ, ಸಣ್ಣ ಕೀಬೋರ್ಡಿನ ಮೇಲೆ ನೀವು ಬೆರಳಿಟ್ಟರೆ ಅದೇ ಪೇಟಿ ನುಡಿಯುತ್ತದೆ, ಕಾಲು ಬೇಕಿಲ್ಲ ಅಂತ ಮಾತು ಕೊಟ್ಟೆ. ಇದಕ್ಕೆ ಸ್ಯಾಂಪ್ಲಿಂಗ್ ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ನನ್ನಷ್ಟು ಬಲ್ಲವನಿಲ್ಲ.

ಹುಣ್ಣಿಮೆಗೆ ಒಂದು ತಿಂಗಳಿತ್ತು. ಅದರಲ್ಲಿ ಇಪ್ಪತ್ತು ದಿನ ಸಾಮಾನು ಆರಿಸುವುದರಲ್ಲೇ ಹೋಯಿತು. ಯಾವ ಮೈಕು, ಯಾವ ಇಂಟರ್‌ಫೇಸ್, ಪುಕ್ಕಟೆ ಸಾಫ್ಟ್‌ವೇರೋ ರೊಕ್ಕದ್ದೋ. ಮಾಸ್ತರರ ಮುಂದೆ ಏಳು ಸಾಫ್ಟ್‌ವೇರುಗಳ ಗುಣಗಾನ ಮಾಡಿ, ಯಾವುದು ಹಿಡಿಯಲಿ ಅಂತ ಕೇಳಿದೆ.

ಅವರು ಹೊಳೆಯ ಕಡೆ ನೋಡುತ್ತಿದ್ದರು.

“ಮೀನು ಯಾವುದಂತ ಹೇಳು. ಬಲಿ ಆಮ್ಯಾಲ ಕೊಳ್ಳುವಂತಿ.”

ಮೀನು ಗೊತ್ತೇ ಇದೆಯಲ್ಲ, ಸ್ವರ, ಅಂತ ನಕ್ಕೆ. ಎಲ್ಲಕ್ಕಿಂತ ತುಟ್ಟಿಯ ಬಲೆಯನ್ನೇ ತಂದೆ.

ಪೇಟಿಯನ್ನು ಮಠದ ಉಗ್ರಾಣಕ್ಕೆ ಒಯ್ದೆ. ಹೊರಗಿನ ಸದ್ದು ಬಾರದಂತೆ ಗೋಡೆಗಳಿಗೆ ಕೌದಿ ಕಟ್ಟಿದೆ, ಬಾಗಿಲಿಗೆ ಕಾಳಿನ ಚೀಲ ಒಟ್ಟಿದೆ. ಮೂರು ದಿನ ಬೆವರು ಸುರಿಸಿ ಬಿಳಿ, ಕರಿ ಒಂದೊಂದು ಪಟ್ಟಿಯನ್ನೂ ಒತ್ತಿ, ತಿದಿಯನ್ನು ಮೆಲ್ಲಗೆ, ಹದವಾಗಿ, ಜೋರಾಗಿ ತುಳಿದು ಸ್ವರ ಹಿಡಿದೆ. ಆಮೇಲೆ ಕಂಪ್ಯೂಟರಿನಲ್ಲಿ ತಿದಿಯ ಉಸಿರು, ಮರದ ಕಿರುಗುಟ್ಟು ಎಲ್ಲ ತೊಳೆದುಬಿಟ್ಟೆ.

ನಡುವಿನ ಕರಿ ಪಟ್ಟಿಗಳಲ್ಲಿ ಮೂರನೆಯದು, ಕರಿ ಮೂರು, ಸತ್ತಿತ್ತು. ಒತ್ತಿದರೆ ಟಕ್ ಅಂತ ಮರದ ಸದ್ದಷ್ಟೇ. ಪಕ್ಕದ ಸ್ವರವನ್ನು ಸಾಫ್ಟ್‌ವೇರಿನಲ್ಲಿ ಎಳೆದು ಅದಕ್ಕೂ ಜೀವ ತುಂಬಿದೆ. ಪೇಟಿ ಮಾಡಿದವನೇ ಬಂದರೂ ಗುರುತು ಹಿಡಿಯಲಾರ, ಅಷ್ಟು ಚೊಕ್ಕ.

ಹುಣ್ಣಿಮೆಯ ಬೆಳಿಗ್ಗೆ ಮಾಸ್ತರರ ಮುಂದೆ ಕೀಬೋರ್ಡ್ ಇಟ್ಟೆ.

ಅವರು ಕಣ್ಣು ಮುಚ್ಚಿ ಬೆರಳಿಟ್ಟರು. ಮೊದಲ ಸಾಲು ನೀರಿನಂತೆ ಹರಿಯಿತು. ಎರಡನೆಯ ಸಾಲಿನಲ್ಲಿ ಎಡವಿದರು. ಮತ್ತೆ ನುಡಿಸಿದರು. ಅಲ್ಲೇ ಎಡವಿದರು. ಮೂರನೆಯ ಸಲ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಪೇಟಿ ಛಲೋ ಐತಿ. ಯಾರದಿದು?”

ನಿಮ್ಮದೇ ಅಂದೆ. ದನಿ ನನಗೇ ಸಣ್ಣದಾಗಿ ಕೇಳಿಸಿತು.

“ನಂದಾದ್ರ ಕರಿ ಮೂರು ಯಾಕ ಮಾತಾಡ್ತೈತಿ?”

ಸತ್ತಿತ್ತು, ಬದುಕಿಸಿದೆ ಅಂದೆ. ಶಹಬ್ಬಾಸ್ ಅನ್ನುತ್ತಾರೆಂದು ಕಾದೆ.

ಆಗ ಅವರು ಹೇಳಿದ್ದು ಇಷ್ಟು. ಕಂಪನಿಯಲ್ಲಿದ್ದಾಗ, ನಾಟಕದ ನಡುವೆ, ನಟಿ ಹಾಡುತ್ತಿರುವಾಗಲೇ ಆ ರೀಡು ಮುರಿಯಿತು. ಹಾಡು ನಿಲ್ಲಿಸುವ ಹಾಗಿರಲಿಲ್ಲ. ಬೆರಳು ಆ ಪಟ್ಟಿಯ ಮೇಲೆ ಬಿತ್ತು, ಟಕ್ ಅಂದಿತು, ಅವರು ಆ ಟಕ್ಕನ್ನೇ ತಾಳಕ್ಕೆ ಕೂಡಿಸಿ ಮುಂದಿನ ಸ್ವರಕ್ಕೆ ಇಳಿದರು. ಜನ ಚಪ್ಪಾಳೆ ಹೊಡೆದರು. ಹೊಸ ರೀಡು ಹಾಕಿಸಲೇ ಇಲ್ಲ. ಮೂವತ್ತೊಂದು ವರ್ಷ ಬೆರಳು ಅದೇ ದಾರಿಯಲ್ಲಿ ನಡೆಯಿತು.

ಸಾಲಿನ ಕೊನೆಗೆ ಗಕ್ಕನೆ ನಿಂತು, ಟಕ್ ಅಂದು, ಸ್ವರಕ್ಕೆ ಬೀಳುವ ಆ ತಿರುವಿಗೆ ನಮ್ಮ ಕಡೆ ಮಾಸ್ತರ ತಡೆ ಅಂತಲೇ ಹೆಸರು. ಆರು ವರ್ಷ ನಾನದನ್ನು ಮನೆಯಲ್ಲಿ, ಎಲ್ಲ ರೀಡೂ ಗಟ್ಟಿಯಿದ್ದ ನನ್ನ ಪೇಟಿಯ ಮೇಲೆ ಸಾಧನೆ ಮಾಡಿದ್ದೆ. ಬಂದಿರಲಿಲ್ಲ. ಕೈಯಲ್ಲಿ ಕೊರತೆ ಅಂದುಕೊಂಡಿದ್ದೆ.

ಮರುದಿನ ರಿಪೇರಿಯವನು ಬರುವವನು. ಉಗ್ರಾಣದ ಕೌದಿ ಕಿತ್ತೆ. ಪೇಟಿಯನ್ನು ಹೊತ್ತು ತಂದು ಪಡಸಾಲೆಯಲ್ಲಿ, ಅದು ಮೊದಲಿದ್ದ ಜಾಗದಲ್ಲೇ ಇಟ್ಟೆ. ದೊಡ್ಡ ಮೈಕುಗಳನ್ನು ಡಬ್ಬಿಗೆ ಹಾಕಿ, ಮದುವೆ ವಿಡಿಯೋದವರು ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕನ್ನು ಕರಿ ಮೂರರ ಮಗ್ಗುಲಿಗೆ ದಾರದಿಂದ ಕಟ್ಟಿದೆ.

ನಾನು ಒತ್ತಿದೆ. ಬರೀ ಮರದ ಸದ್ದು. ಹತ್ತು ಸಲ ಒತ್ತಿದೆ. ಬರೀ ಮರ.

ಮಾಸ್ತರರನ್ನು ತೋಳು ಹಿಡಿದು ಕರೆತಂದು ಪೇಟಿಯ ಮುಂದೆ ಕೂಡಿಸಿದೆ. ಎರಡು ವರ್ಷದ ಮೇಲೆ ಆ ಪಟ್ಟಿಗಳ ಮೇಲೆ ಅವರ ಬೆರಳು. ಆಗ ಹೊಳೆಯಿತು ನನಗೆ: ಸತ್ತ ಪಟ್ಟಿಗೆ ಗಾಳಿ ಬೇಕಿಲ್ಲ. ಕಾಲಿಲ್ಲದೆ ಅವರು ನುಡಿಸಬಹುದಾಗಿದ್ದುದು ಅದೊಂದೇ.

ನುಡಿಸಿದರು. ಒಂದು ಟಕ್ಕಿಗೂ ಇನ್ನೊಂದಕ್ಕೂ ಸಂಬಂಧವಿರಲಿಲ್ಲ. ಒಂದು ಬಾಗಿಲು ಬಡಿದಂತೆ, ಒಂದು ನಾಲಗೆ ಲೊಚಗುಟ್ಟಿದಂತೆ. ನಲವತ್ತು ಸಲ ಹಿಡಿದೆ. ಪಡಸಾಲೆಯ ಕಾಗೆಯ ಕೂಗೂ ರೆಕಾರ್ಡಿನಲ್ಲಿ ಬಂತು, ಬರಲಿ ಅಂತ ಬಿಟ್ಟೆ. ನಾನು ತುಂಬಿದ್ದ ಸುಳ್ಳು ಸ್ವರ ಅಳಿಸಿ ಆ ಟಕ್ಕುಗಳನ್ನು ಇಟ್ಟೆ, ತೊಳೆದಿದ್ದ ಉಸಿರನ್ನೂ ವಾಪಸು ತಂದೆ.

ಮರುದಿನ ಬೆಳಿಗ್ಗೆ ಅವರು ಮತ್ತೆ ಕೀಬೋರ್ಡಿಗೆ ಕೂತರು. ಎರಡನೆಯ ಸಾಲು ಬಂತು. ನಿಂತರು. ಟಕ್. ಇಳಿದರು.

ಅದೇ ಮಾಸ್ತರ ತಡೆ.

ಕೆಳಗೆ ನೋಡಿದರೆ ಅವರ ಪಾದ ನೆಲವನ್ನು ಒತ್ತುತ್ತಿತ್ತು, ಒಂದಾದ ಮೇಲೊಂದು. ಇದಕ್ಕೆ ಕರೆಂಟ್ ಇದೆ, ಕಾಲು ಬೇಡ ಅಂತ ಮೆಲ್ಲಗೆ ನೆನಪಿಸಿದೆ. ಪಾದ ನಿಲ್ಲಲಿಲ್ಲ.

ಹೊರಗೆ ರಿಪೇರಿಯವನ ಗಾಡಿ ಹಾರ್ನ್ ಹಾಕಿತು. ಒಯ್ಯಲಿ ಅಂತ ಮಾಸ್ತರರು ತಲೆಯಾಡಿಸಿದರು, ಹಾಡು ಬಿಡಲಿಲ್ಲ.

ಮುಗಿದ ಮೇಲೆ ನನ್ನ ಹಳೆಯ ಬಡಾಯಿ ತಿರುಗಿ ಬಂತು. ಇದನ್ನು ಇಂಟರ್‌ನೆಟ್ಟಿಗೆ ಹಾಕುತ್ತೇನೆ, ಸಾವಿರಾರು ಜನ ತಮ್ಮ ಮನೆಯಲ್ಲಿ ಕೂತು ನಿಮ್ಮ ಪೇಟಿ ನುಡಿಸುತ್ತಾರೆ ಅಂದೆ. ಆದರೆ ಒಂದು ಅಳುಕಿತ್ತು.

“ಕರಿ ಮೂರು ಕೆಟ್ಟೈತಿ ಅಂತ ಮಂದಿ ತಕರಾರು ಮಾಡ್ತಾರ್ರೀ ಮಾಸ್ತರ. ಅವರಿಗೆ ಏನಂತ ಬರೀಲಿ?”

ಮಾಸ್ತರರು ಕೀಬೋರ್ಡಿನ ಮೇಲೆ ಅಂಗವಸ್ತ್ರ ಮುಚ್ಚಿದರು.

“ನಿಮ್ಮ ನಿಮ್ಮ ಪೇಟ್ಯಾಗ ಯಾವುದು ಸತ್ತೈತಿ, ಮೊದಲ ಅದನ್ನ ಹುಡುಕ್ರಿ ಅಂತ ಬರಿ.”