ಗವಿರಂಗನ ಕೈಗೆ ಬಂದ ನೋಟ್ಸು

ಕೇಳುವವರು ಹೂಂಗುಟ್ಟುತ್ತಾ ಇರಬೇಕು, ಇಲ್ಲದಿದ್ದರೆ ನನ್ನ ಕತೆ ಅರ್ಧಕ್ಕೇ ನಿಂತುಬಿಡುತ್ತದೆ. ಹಿರೇಕಟ್ಟೆ ಅಂತ ಒಂದು ಊರು. ಆ ಊರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡಿ ಬಡಿಸುವವಳು ಓಬಕ್ಕ. ಗಂಡ ಇಲ್ಲ, ಒಬ್ಬನೇ ಮಗ, ಅವನ ಹೆಸರು ಗವಿರಂಗ. ಆಳು ಎತ್ತರ, ದನಿ ಗಟ್ಟಿ, ಹಲ್ಲು ಬಿಟ್ಟರೆ ಎದುರಿಗಿದ್ದವರೂ ನಗಬೇಕು. ಬುದ್ಧಿ ಹಂಚುವ ಹೊತ್ತಿಗೆ ಮಾತ್ರ ಸಾಲಿನ ಕೊನೆಯಲ್ಲಿ ನಿಂತಿದ್ದನೋ ಏನೋ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ಗುಣ, ಅದೇ ಅವನ ಅವ್ವನ ತಲೆನೋವು. ಗವಿರಂಗನಿಗೋ, ತನ್ನ ಮೇಲೆ ಒಂದು ದಿನವೂ ಅನುಮಾನ ಬಂದದ್ದಿಲ್ಲ.

ಹತ್ತನೇ ಕ್ಲಾಸಿನಲ್ಲಿ ಅವನು ಎಲ್ಲ ಸಬ್ಜೆಕ್ಟಿನಲ್ಲೂ ಡುಮ್ಕಿ ಹೊಡೆದು, ಮತ್ತೆ ಅದೇ ಕ್ಲಾಸಿನಲ್ಲಿ ಕೂತಿದ್ದ. ಆ ವರ್ಷ ಹಾಲಿನ ಡೇರಿಯ ಸೆಕ್ರೆಟರಿ ಬೋರಲಿಂಗಣ್ಣ ಓಬಕ್ಕನನ್ನು ಕರೆದು ಹೇಳಿದ, "ಡೇರಿಲಿ ಹಾಲು ಅಳೆಯೋಕೆ ಒಬ್ಬ ಹುಡುಗ ಬೇಕು ಓಬಕ್ಕ. ಹತ್ತನೇ ಕ್ಲಾಸು ಪಾಸಾಗಿರ್ಬೇಕು. ಈ ಸಲ ನಿನ್ನ ಮಗ ಪಾಸಾದ್ರೆ ಕೆಲಸ ಅವನಿಗೇ. ರಿಸಲ್ಟು ಬರೋಗಂಟ ಕಾಯ್ತೀನಿ, ಆಮೇಲೆ ಕಾಯಲ್ಲ."

ಓಬಕ್ಕ ಆ ರಾತ್ರಿ ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಟ್ಟಳು, ಸಂತೋಷಕ್ಕೂ ಹೌದು, ಭಯಕ್ಕೂ ಹೌದು. ತಾನು ಹೋದ ಮೇಲೆ ಈ ಪೆದ್ದನಿಗೆ ಅನ್ನ ಹಾಕುವವರು ಯಾರು ಅಂತ ಅವಳು ಕೊರಗದ ದಿನವೇ ಇರಲಿಲ್ಲ. ಬೆಳಗಾದದ್ದೇ ಪಕ್ಕದ ಮನೆಯ ವನಜಾಕ್ಷಿಯ ಹತ್ತಿರ ಹೋಗಿ ನಿಂತಳು. ವನಜಾಕ್ಷಿ ಹಿಂದಿನ ವರ್ಷ ಇಡೀ ಸ್ಕೂಲಿಗೇ ಮೊದಲು ಬಂದವಳು. ಪಾಸಾದವರ ನೋಟ್ಸು ಮುಂದಿನವರ ಕೈಗೆ ಹೋಗುವುದು ಆ ಊರಿನ ರೂಢಿ. ಆದರೆ ಗವಿರಂಗನ ವಿಷಯ ಅವಳಿಗೂ ಗೊತ್ತಿತ್ತಲ್ಲ. "ಒಂದೊಂದೇ ಕೊಡ್ತೀನಿ ಓಬಕ್ಕ. ಒಂದು ವಾಪಸ್ ಬಂದ ಮೇಲೆ ಇನ್ನೊಂದು" ಅಂದಳು.

ಮೊದಲು ಇತಿಹಾಸದ ನೋಟ್ಸು ಬಂತು. ಓಬಕ್ಕ ಅದನ್ನು ಮಗನ ಕೈಗಿಟ್ಟು ಹೇಳಿದಳು, "ನೋಡು, ಕಂಡೋರ ಮನೆ ವಸ್ತು. ತಂದಂಗೇ ವಾಪಸ್ ಕೊಡ್ಬೇಕು."

"ಆಗ್ಲಿ ಕಣವ್ವ" ಅಂದ ಗವಿರಂಗ. ನೋಟ್ಸನ್ನು ಟವೆಲಿನಲ್ಲಿ ಸುತ್ತಿ, ಅಟ್ಟದ ಮೇಲಿಟ್ಟು, ವಾರವೆಲ್ಲ ಅದರ ಕಾವಲಿಗೆ ಕೂತ. ಒಂದು ನೊಣವನ್ನೂ ಕೂರಗೊಡಲಿಲ್ಲ. ವಾರ ಕಳೆದ ಮೇಲೆ ಟವೆಲು ಬಿಚ್ಚಿ ಕೊಟ್ಟ.

"ಓದಿದೆಯೇನೋ?" ಅಂದಳು ವನಜಾಕ್ಷಿ.

"ಓದೋದಾ? ತೆರೆದೇ ಇಲ್ಲ ವನಜಕ್ಕ. ತಂದಂಗೇ ಐತೆ, ಬೇಕಾದ್ರೆ ನೋಡ್ಕೋ."

ಓಬಕ್ಕ ಹಣೆ ಚಚ್ಚಿಕೊಂಡಳು. "ನಿನ್ನ ತಲೆಗಿಷ್ಟು. ತೆರೆದು ನೋಡ್ಬೇಕು ಕಣೋ. ಮುಖ್ಯವಾದ್ದು ಎಲ್ಲೈತೆ ಹುಡುಕಿ, ಅದನ್ನ ತಗೊಂಡು, ಮಿಕ್ಕಿದ್ದು ಕೊಡ್ಬೇಕು."

"ಅಷ್ಟೇ ತಾನೆ? ಮೊದಲೇ ಹೇಳ್ಬಾರದಾ ಅವ್ವ."

ಮುಂದಿನದು ವಿಜ್ಞಾನ. ಗವಿರಂಗ ತೆರೆದ, ನೋಡಿದ, ಹುಡುಕಿದ. ವನಜಾಕ್ಷಿ ಮುಖ್ಯವಾದ ಕಡೆಗೆಲ್ಲ ಕೆಂಪು ಗೆರೆ ಎಳೆದಿದ್ದಳು. ಕೆಂಪು ಗೆರೆ ಇದ್ದ ಹಾಳೆಗಳನ್ನೆಲ್ಲ ಪರಪರ ಹರಿದು ತೆಗೆದಿಟ್ಟುಕೊಂಡ. ಮಿಕ್ಕಿದ್ದನ್ನು ಹಿಂದಕ್ಕೆ ಕೊಟ್ಟ. ಮಿಕ್ಕಿದ್ದು ಅಂದರೆ ಎರಡು ರಟ್ಟು, ನಡುವೆ ಹೊಲಿಗೆಯ ದಾರ.

ವನಜಾಕ್ಷಿ ಅಳುತ್ತಾ ಬಂದಳು. ಓಬಕ್ಕ ಅವಳ ಮುಂದೆ ಕೈ ಮುಗಿದು, ಹಾಳೆಗಳನ್ನೆಲ್ಲ ಜೋಡಿಸಿ, ಗೋಣಿಚೀಲದ ದಬ್ಬಣದಲ್ಲಿ ತಾನೇ ಹೊಲಿದು ಕೊಟ್ಟಳು. ಆಮೇಲೆ ಮಗನ ಕಡೆ ತಿರುಗಿ ಹೇಳಿದಳು, "ಹರಿಯೋದಲ್ವೋ ಮಂಕೇ. ಮುಂದಿಟ್ಕೊಂಡು ನಕಲು ಬರ್ಕೋಬೇಕು. ಒಂದು ಚುಕ್ಕೆ ಬಿಡದಂಗೆ, ಅಲ್ಲಿ ಹೆಂಗೈತೋ ಇಲ್ಲೂ ಹಂಗೇ ಇರ್ಬೇಕು."

"ಹಂಗೇ ಇರ್ತದೆ. ನೀನೇ ನೋಡುವೆಯಂತೆ."

ಗಣಿತದ ನೋಟ್ಸು ಬಂತು. ಗವಿರಂಗ ಚಾಪೆ ಹಾಸಿ ಕೂತವನು ಊಟಕ್ಕೂ ಏಳಲಿಲ್ಲ. ಮೊದಲ ಪುಟದಲ್ಲಿ ವನಜಾಕ್ಷಿ ಅಂತಿತ್ತು, ವನಜಾಕ್ಷಿ ಅಂತಲೇ ಬರೆದ. ಅವಳು ತಪ್ಪು ಮಾಡಿ ಹೊಡೆದುಹಾಕಿದ ಲೆಕ್ಕವನ್ನು ತಪ್ಪಾಗಿಯೇ ಬರೆದು ಹೊಡೆದುಹಾಕಿದ. ಅಂಚಿನಲ್ಲಿ "ಅಮ್ಮನಿಗೆ ಮಾತ್ರೆ ತರಬೇಕು" ಅಂತಿತ್ತು, ಅದನ್ನೂ ಬರೆದ. ಮೇಷ್ಟ್ರ ಕೆಂಪು ಸಹಿ ಇತ್ತು, ಕೆಂಪು ಪೆನ್ನು ತಂದು ಅದನ್ನೂ ಹಾಕಿದ. ಒಂದು ಪುಟದಲ್ಲಿ ಇರುವೆಯೊಂದು ಸಿಕ್ಕಿ ಸತ್ತು ಒಣಗಿಹೋಗಿತ್ತು. ಗವಿರಂಗ ಅಂಗಳಕ್ಕೆ ಹೋಗಿ, ಅದೇ ಅಳತೆಯ ಇರುವೆ ಹುಡುಕಿ ತಂದು, ಅದೇ ಜಾಗದಲ್ಲಿಟ್ಟು, ಪುಸ್ತಕ ಮುಚ್ಚಿ ಅದರ ಮೇಲೆ ಕೂತ.

ಅಪ್ಪಿತಪ್ಪಿ ಆ ಪುಸ್ತಕ ನಾಗಭೂಷಣ ಮೇಷ್ಟ್ರ ಕಣ್ಣಿಗೆ ಬಿತ್ತು. "ಇದು ಯಾರ ಸಹಿಯೋ?" ಅಂದರು.

"ನಿಮ್ಮದೇ ಸಾರ್. ಅಲ್ಲಿ ನಿಮ್ಮ ಕೈ ಸ್ವಲ್ಪ ನಡುಗಿತ್ತು, ನಾನೂ ನಡುಗಿಸಿದೀನಿ."

ಮೇಷ್ಟ್ರಿಗೆ ಬೆತ್ತ ಹುಡುಕಬೇಕೋ ನಗಬೇಕೋ ತಿಳಿಯಲಿಲ್ಲ. ಓಬಕ್ಕನನ್ನು ಅಡುಗೆ ಕೋಣೆಯಿಂದ ಕರೆಸಿದರು. "ನಿಮ್ಮ ಮಗನಿಗೆ ಹೇಳಿ. ಇನ್ನೊಬ್ಬರು ಬರೆದದ್ದನ್ನ ಇಳಿಸೋದಲ್ಲ. ತಾನು ಕಂಡದ್ದು, ತಿಳಿದದ್ದು, ತನ್ನ ಮಾತಿನಲ್ಲಿ ಬರೀಬೇಕು." ಓಬಕ್ಕ ಸೌಟು ಹಿಡಿದುಕೊಂಡೇ ಮಗನಿಗೆ ಹೇಳಿದಳು, "ಕೇಳಿದೆಯಾ? ನೀನು ಕಂಡದ್ದು, ನಿನ್ನ ಮಾತು."

"ನನ್ನ ಮಾತು ತಾನೆ? ಅದಕ್ಕೇನು ಬರ ಸಾರ್."

ಮಾರನೇ ವಾರ ಕಿರುಪರೀಕ್ಷೆ. ನೀರನ್ನು ಕಾಯಿಸಿದಾಗ ಏನಾಗುತ್ತದೆ ಅಂತ ಪ್ರಶ್ನೆ. ಗವಿರಂಗ ಬರೆದ: ನಮ್ಮವ್ವ ಅಕ್ಕಿ ಹಾಕುತ್ತಾಳೆ. ಚಂದ್ರಗ್ರಹಣ ಹೇಗೆ ಸಂಭವಿಸುತ್ತದೆ? ಸಂಭವಿಸಿದಾಗ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಆದ್ದರಿಂದ ನಾನು ಬೇಗ ಮಲಗಿಬಿಡುತ್ತೇನೆ, ನೋಡಿಲ್ಲ. ಪ್ರಜೆಗಳ ಕರ್ತವ್ಯಗಳೇನು? ನಲ್ಲಿಯಲ್ಲಿ ನೀರು ಬಂದ ಕೂಡಲೇ ಅಕ್ಕಪಕ್ಕದವರನ್ನು ಕೂಗುವುದು. ಪದ್ಯದ ಸಾರಾಂಶ ಬರೆಯಿರಿ ಅಂತಿತ್ತು. ಇದರಲ್ಲಿ ನವಿಲಿನ ವಿಷಯ ಇದೆ, ನವಿಲು ನಮ್ಮ ಕಡೆ ಕಡಲೆ ಹೊಲ ಹಾಳು ಮಾಡುತ್ತದೆ, ಕವಿಗೆ ಹೊಲ ಇರಲಿಲ್ಲ ಅಂತ ಕಾಣುತ್ತದೆ.

ಎಲ್ಲದಕ್ಕೂ ಸೊನ್ನೆ ಬಂತು. ಓಬಕ್ಕ ಗೋಡೆಗೆ ಒರಗಿ ಕೂತಳು. ಪರೀಕ್ಷೆ ಹತ್ತಿರ ಬಂದಿತ್ತು. ಬೋರಲಿಂಗಣ್ಣ ಎದುರಿಗೆ ಸಿಕ್ಕಾಗಲೆಲ್ಲ "ಹೆಂಗೆ ಓದ್ತಾವ್ನೆ?" ಅಂತ ಕೇಳುತ್ತಿದ್ದ, ಅವಳು ತಲೆ ತಗ್ಗಿಸಿ ಸರಸರ ನಡೆದುಬಿಡುತ್ತಿದ್ದಳು. ಮಗನ ಮುಂದೆ ದನಿ ಏರಿಸುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. "ನಿನ್ನ ಮಾತು ಸಾಕು ಕಣಪ್ಪ. ವನಜಾಕ್ಷಿ ಏನು ಬರೆದವ್ಳೋ ಅದನ್ನೇ ಬಾಯಿಪಾಠ ಮಾಡು. ಯಾರು ಏನು ಕೇಳಿದ್ರೂ ಗಡಗಡ ಅಂತ ಒಪ್ಪಿಸ್ಬೇಕು."

ವನಜಾಕ್ಷಿಯೂ ಮನಸ್ಸು ಕರಗಿ ಅಷ್ಟೂ ನೋಟ್ಸು ತಂದಿಟ್ಟಳು, "ಪರೀಕ್ಷೆ ಮುಗಿಯೋಗಂಟ ಇಟ್ಕೋ" ಅಂತ.

ಬಾಯಿಪಾಠ ಅಂದರೆ ಗವಿರಂಗನಿಗೆ ನೀರು ಕುಡಿದ ಹಾಗೆ ಆಯಿತು. ಬೇರೆ ಯೋಚನೆಗಳ ಕಾಟ ಇಲ್ಲದ ತಲೆ ನೋಡಿ, ಓದಿದ್ದೆಲ್ಲ ನೇರ ಒಳಗೆ ಹೋಗಿ ಕೂತಿತು. ಒಂದು ಸಂಜೆ ಬೋರಲಿಂಗಣ್ಣನೇ ಮನೆಗೆ ಬಂದ.

"ಅವ್ವ ಎಲ್ಲಪ್ಪ?"

"ಭಾರತದ ವಾಯುಗುಣವನ್ನು ನಾಲ್ಕು ಋತುಗಳಾಗಿ ವಿಂಗಡಿಸಲಾಗಿದೆ" ಅಂದ ಗವಿರಂಗ.

"ಆಂ? ಹುಷಾರಾಗಿದ್ದೀಯೇನೋ?"

"ಆಮ್ಲವು ನೀಲಿ ಲಿಟ್ಮಸ್ ಕಾಗದವನ್ನು ಕೆಂಪು ಬಣ್ಣಕ್ಕೆ ತಿರುಗಿಸುತ್ತದೆ."

"ಲೇ, ನಾನು ಯಾರು ಗೊತ್ತಾಯ್ತಾ?"

"ತ್ರಿಭುಜದ ಮೂರು ಕೋನಗಳ ಮೊತ್ತ ನೂರ ಎಂಬತ್ತು ಡಿಗ್ರಿ."

ಬೋರಲಿಂಗಣ್ಣ ಚಪ್ಪಲಿ ಮೆಟ್ಟಿ ಹಿಂದೆ ಹಿಂದೆಯೇ ಸರಿದ. ಓದು ಹುಡುಗನ ತಲೆಗೇರಿದೆ, ನಿಂಬೆಹಣ್ಣು ತಿಕ್ಕು ಅಂತ ದಾರಿಯಲ್ಲಿ ಓಬಕ್ಕನಿಗೆ ಹೇಳಿ ಹೋದ.

ಅವಳು ಮನೆಗೆ ಬಂದು ಮಗನಿಗೆ ಚೆನ್ನಾಗಿ ಬೈದಳು. ಜೊತೆಗೆ ವನಜಾಕ್ಷಿಯೂ ಕೂತು ತಿಳಿಹೇಳಿದಳು. "ಪರೀಕ್ಷೆ ಹಾಲಲ್ಲಿ ಮಾತ್ರ ಕಣೋ. ಪ್ರಶ್ನೆ ಓದ್ಬೇಕು, ಆ ಪ್ರಶ್ನೆಗೆ ನನ್ನ ನೋಟ್ಸಲ್ಲಿ ಏನಿತ್ತೋ ಅಷ್ಟನ್ನೇ ಬರೀಬೇಕು. ಇನ್ನೊಂದು ಮಾತು. ಬರೆದದ್ದನ್ನ ಯಾರಿಗೂ ತೋರಿಸ್ಬೇಡ. ತೋರಿಸಿದ್ರೆ ಹೊರಗೆ ಹಾಕ್ತಾರೆ."

"ಯಾರಿಗೂ?"

"ಯಾರಿಗೂ. ಸತ್ರೂ ತೋರಿಸ್ಬೇಡ."

ಪರೀಕ್ಷೆ ಶುರುವಾಯಿತು. ಪ್ರಶ್ನೆಗಳೆಲ್ಲ ವನಜಾಕ್ಷಿಯ ನೋಟ್ಸಿನಿಂದ ಎದ್ದು ಬಂದ ಹಾಗಿದ್ದವು. ಗವಿರಂಗ ಪರೀಕ್ಷೆ ನಂಬರು ಬರೆಯುವ ಮೊದಲ ಹಾಳೆಯಲ್ಲಿ ನಂಬರು ಬರೆದ. ಉತ್ತರಗಳನ್ನೆಲ್ಲ ಹೆಚ್ಚುವರಿ ಹಾಳೆ ಕೇಳಿ ಕೇಳಿ ಇಸಕೊಂಡು, ಎಡಗೈ ಅಡ್ಡ ಇಟ್ಟು ಬರೆದ. ಗಂಟೆ ಹೊಡೆಯಿತು. ಮೇಷ್ಟ್ರು ಬಂದು ಕೈ ಚಾಚಿದರು. ಗವಿರಂಗ ಮನಸ್ಸಿನಲ್ಲೇ ನಕ್ಕ. ಇವರೂ ಯಾರೋ ಒಬ್ಬರೇ ತಾನೆ? ಉತ್ತರದ ಹಾಳೆಗಳು ಆಗಲೇ ಅಂಗಿಯೊಳಗೆ ಬೆಚ್ಚಗಿದ್ದವು. ನಂಬರಿದ್ದ ಹಾಳೆ ಒಂದನ್ನು ಕೊಟ್ಟು ಹೊರಗೆ ಬಂದ. ಗಡಿಬಿಡಿಯಲ್ಲಿ ಯಾರೂ ಎಣಿಸಲಿಲ್ಲ. ಎಲ್ಲ ಸಬ್ಜೆಕ್ಟಿನಲ್ಲೂ ಹಾಗೇ ಮಾಡಿದ.

"ಹೆಂಗೆ ಬರೆದೆ ಮಗನೆ?"

"ಒಂದೂ ಬಿಟ್ಟಿಲ್ಲ ಅವ್ವ. ಯಾರಿಗೂ ತೋರಿಸಿಲ್ಲ."

ಓಬಕ್ಕ ಅವನ ಕೆನ್ನೆ ಸವರಿ ಬೆಲ್ಲ ಕೊಟ್ಟಳು. ಎಷ್ಟೋ ವರ್ಷದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡು ನಿದ್ದೆ ಮಾಡಿದಳು.

ರಿಸಲ್ಟು ಬಂತು. ಎಲ್ಲದರಲ್ಲೂ ಸೊನ್ನೆ. ಓಬಕ್ಕ ನೆಲಕ್ಕೆ ಕುಸಿದಳು. "ಹಂಗಾದ್ರೆ ಏನು ಬರೆದೆಯೋ ಪಾಪಿ?" ಗವಿರಂಗನಿಗೆ ಅವ್ವನ ಕಣ್ಣೀರು ನೋಡಲಾಗಲಿಲ್ಲ. ಪರೀಕ್ಷೆ ಮುಗಿದಿದೆಯಲ್ಲ, ಇನ್ನು ಯಾರು ಹೊರಗೆ ಹಾಕುತ್ತಾರೆ ಅಂತ ಅಟ್ಟ ಹತ್ತಿ ಹಾಳೆಗಳ ಕಟ್ಟನ್ನು ಇಳಿಸಿದ. ವನಜಾಕ್ಷಿ ಒಂದೊಂದೇ ಓದಿದಳು. ಓದುತ್ತಾ ಓದುತ್ತಾ ಅವಳ ಕಣ್ಣು ತುಂಬಿತು. "ಓಬಕ್ಕ, ಒಂದೂ ತಪ್ಪಿಲ್ಲ. ನನಗಿಂತ ಚೆನ್ನಾಗಿ ಬರೆದವ್ನೆ."

ಓಬಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು. ಈ ಹಾಳೆಗಳನ್ನು ಬೋರಲಿಂಗಣ್ಣ ಕಣ್ಣಾರೆ ಕಂಡರೆ ಮನಸ್ಸು ಬದಲಾಯಿಸಿಯಾನು ಅಂತ ಅವಳಿಗೆ ಆಸೆ. "ನಾವು ಸೆಕ್ರೆಟರೀನ ಕರ್ಕೊಂಡು ಬರ್ತೀವಿ. ನೀನು ಬಾಗಿಲಲ್ಲೇ ಕೂತಿರು. ಹಿಂದಿನ ಥರ ಬಚ್ಚಿಡ್ಬೇಡ. ಬಂದು ಕೇಳಿದೋರ ಕೈಗೆ ಕೊಟ್ಬಿಡು."

"ಕೊಟ್ಬಿಡ್ತೀನಿ. ಅದ್ಯಾವ ದೊಡ್ಡ ವಿಷಯ."

ಅವರು ಹೋದದ್ದೇ ತಡ, ಬೀದಿಯಲ್ಲಿ ಹಳೇ ಪೇಪರಿಗೆ ಬೆಳ್ಳುಳ್ಳಿ ಕೊಡುವವನ ಸೈಕಲ್ಲು ಬಂತು. "ಹಳೇ ಪೇಪರ್, ಹಳೇ ನೋಟ್ಸು ಇದ್ರೆ ಕೊಡ್ರಮ್ಮೋ."

ಓಬಕ್ಕ ಬೋರಲಿಂಗಣ್ಣನನ್ನು ಕರೆದುಕೊಂಡು ಬರುವಾಗ ಗವಿರಂಗ ಬಾಗಿಲಲ್ಲೇ ಕೂತಿದ್ದ. ಮಡಿಲಲ್ಲಿ ಬೆಳ್ಳುಳ್ಳಿ ಇತ್ತು.

"ಹಾಳೆ ಎಲ್ಲೋ?"

"ಬಂದ್ರು, ಕೇಳಿದ್ರು, ಕೊಟ್ಟೆ. ವನಜಕ್ಕನ ನೋಟ್ಸೂ ಕೇಳಿದ್ರು, ಅದನ್ನೂ ಕೊಟ್ಟೆ. ಒಳ್ಳೇ ಜನ ಅವ್ವ, ನಾನು ಕೇಳದಿದ್ರೂ ಬೆಳ್ಳುಳ್ಳಿ ಕೊಟ್ರು."

ವನಜಾಕ್ಷಿ ಸೈಕಲ್ಲು ಹೋದ ದಿಕ್ಕಿಗೆ ಓಡಿದಳು. ಬೋರಲಿಂಗಣ್ಣ ತಲೆ ಅಲ್ಲಾಡಿಸಿ ಹೊರಟುಹೋದ. ಓಬಕ್ಕ ಮಗನ ಮಡಿಲಿನ ಬೆಳ್ಳುಳ್ಳಿಯನ್ನು ತೆಗೆದು ಬದಿಗಿಟ್ಟಳು. "ತಪ್ಪು ನನ್ನದೇ ಕಣಪ್ಪ. ನಿನಗೆ ಬುದ್ಧಿ ಹೇಳಿದ್ದೇ ತಪ್ಪು. ಇವತ್ತಿಂದ ಯಾರು ಏನು ಹೇಳಿದ್ರೂ ಕಿವಿ ಮೇಲೆ ಹಾಕ್ಕೋಬೇಡ" ಅಂತ ಹೇಳಿ, ಹಿತ್ತಿಲಿಗೆ ಹೋಗಿ ಕೂತು ಅತ್ತಳು.

ಇತ್ತ ಬೋರಲಿಂಗಣ್ಣ ಬೀದಿಯ ತುದಿಯವರೆಗೆ ಹೋದವನು ನಿಂತ. ಯೋಚಿಸಿದ. ಹಾಲು ಅಳೆಯುವುದಕ್ಕೆ ಇಂಥವನೇ ಅಲ್ಲವೇ ಬೇಕಾದದ್ದು? ನೀರು ಬೆರೆಸಬೇಡ ಅಂದರೆ ಸತ್ತರೂ ಬೆರೆಸುವವನಲ್ಲ. ಲೀಟರಿಗೆ ಲೀಟರು ಬರೆದುಕೊ ಅಂದರೆ ಒಂದು ಹನಿ ಆಚೆ ಈಚೆ ಮಾಡುವವನಲ್ಲ. ತಿರುಗಿ ಬಂದ. ಬಾಗಿಲಲ್ಲಿ ನಿಂತು ಕರೆದ, "ಗವಿರಂಗ, ಪಾಸು ಹಾಳಾಗ್ಲಿ, ಕಮಿಟಿಯೋರನ್ನ ನಾನು ಒಪ್ಪಿಸ್ತೀನಿ. ನಾಳೆಯಿಂದ ಡೇರಿಗೆ ಬಾ. ಬರ್ತೀಯೇನಪ್ಪ?"

ಗವಿರಂಗ ಎರಡು ಕಿವಿಗೂ ಬೆರಳಿಟ್ಟುಕೊಂಡು ನಗುತ್ತಾ ಕೂತಿದ್ದ.

"ಬರ್ತೀಯೋ ಇಲ್ವೋ, ಬಾಯಿ ಬಿಟ್ಟು ಹೇಳು."

ಗವಿರಂಗ ಬೆರಳನ್ನು ಇನ್ನೂ ಒಳಕ್ಕೆ ತಳ್ಳಿದ. ಬೋರಲಿಂಗಣ್ಣನಿಗೆ, ಮನೆಗೆ ಬಂದು ಕೆಲಸ ಕೊಟ್ಟರೂ ಇಷ್ಟು ಸೊಕ್ಕೇ ಅಂತ ಸಿಟ್ಟು ಬಂತು. ಕೈಲಿದ್ದ ಕೊಡೆಯನ್ನು ನೆಲಕ್ಕೆ ಕುಟ್ಟುತ್ತಾ ಹೊರಟುಹೋದ, ಮಾರನೇ ದಿನ ಪಕ್ಕದ ಊರಿನ ಹುಡುಗ ಡೇರಿಗೆ ಸೇರಿದ.

ಹಿತ್ತಿಲಿಂದ ಓಬಕ್ಕ ಕೂಗಿದಳು, "ಯಾರೋ ಮಗನೆ ಬಂದಿದ್ದು? ಏನಂದ್ರು?"

ಗವಿರಂಗ ಅದನ್ನೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.