ಗುಂಡಿಗೆ ಕಟ್ಟಿದ ಬಾಳೆ

ಮಲೇಶಿಯಾ ದೇಶದ ಒಂದು ಪೇಟೆಬೀದಿಯಲ್ಲಿ ಆನೆ ಬಿದ್ದರೂ ಸೊಂಡಿಲು ಕಾಣದಂಥ ಗುಂಡಿಯೊಂದಿತ್ತು. ಅದರ ಜಂಬ ಅದಕ್ಕಿಂತಲೂ ಆಳ. ಇಡ್ಲಿ ಮಾರುವ ಲೆಚುಮಿ ಅಕ್ಕ ಸ್ಕೂಟರ್ ಸಮೇತ ಅದರಲ್ಲಿ ಬಿದ್ದೆದ್ದು, ನಗರಸಭೆಗೆ ದೂರು ಕೊಟ್ಟು ಕೊಟ್ಟು ಚಪ್ಪಲಿ ಸವೆಸಿದ್ದಳು. ಅಲ್ಲಿನ ಸಾಹೇಬರ ಜೀಪು ಮಾತ್ರ ದಿನಾ ಗುಂಡಿಯನ್ನು ತಪ್ಪಿಸಿಕೊಂಡು ಹೋಗುತ್ತಿತ್ತು.

ಕೊನೆಗೆ ಅಕ್ಕ, ಅಲ್ಲಿನ ಜನ ಬೇಸತ್ತಾಗ ಮಾಡುವಂತೆ, ಗುಂಡಿಯೊಳಗೆ ಒಂದು ಬಾಳೆಗಿಡ ನೆಟ್ಟಳು.

ಗುಂಡಿ ಉಬ್ಬಿಹೋಯಿತು. "ಬಾ ಬಾಳೆ, ಬಾ. ಮದುವೆಮನೆ ಬಾಗಿಲಿಗೆ ಕಟ್ಟುವ ನಿನ್ನನ್ನು ಈಗ ನನಗೂ ಕಟ್ಟಿದರು ನೋಡು. ನನ್ನಲ್ಲಿ ಮುಳುಗಿದ ಲಾರಿ ಸಿಂಗಾಪುರದಲ್ಲಿ ಎದ್ದಿದೆ, ಗೊತ್ತೇನು? ನನ್ನನ್ನು ಅಲ್ಲಾಡಿಸುವವರು ಯಾರಿದ್ದಾರೆ?"

"ಯಾರೂ ಇಲ್ಲ, ದೊರೆ," ಅಂದಿತು ಬಾಳೆ. "ಆದರೆ ಇಷ್ಟು ದೊಡ್ಡವರು ನೀವು, ದೂರದವರಿಗೂ ಕಾಣಬೇಡವೇ? ನಾನು ಎಲೆ ಎತ್ತಿ ಹಿಡಿಯುತ್ತೇನೆ."

"ಹಿಡಿ, ಎತ್ತರಕ್ಕೆ ಹಿಡಿ."

ಬಾಳೆ ಎತ್ತರಕ್ಕೇ ಹಿಡಿಯಿತು. ಊರಿನ ಫೋನುಗಳಲ್ಲೆಲ್ಲ ನಡುಬೀದಿಯ ಬಾಳೆಯ ಫೋಟೊ ಓಡಾಡಿತು. ಮಾನ ಹೋದ ಸಾಹೇಬರು ಮರುದಿನವೇ ಜಲ್ಲಿ, ಟಾರು, ರೋಲರ್ ಸಮೇತ ಬಂದರು. "ನಾನು ಯಾರು ಗೊತ್ತೇ" ಎಂದು ಗುಂಡಿ ಬಾಯಿ ತೆರೆಯಿತು, ಆ ಬಾಯಿಗೇ ಜಲ್ಲಿ ಬಿತ್ತು.

ಕಿತ್ತ ಬಾಳೆಯನ್ನು ಅಕ್ಕ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊರಟಳು. ಬಾಳೆ ಎಲೆ ಕೊಡವಿಕೊಂಡು ಕೇಳಿತು, "ಮುಂದಿನ ದೊರೆ ಎಲ್ಲಿದ್ದಾರಕ್ಕ?"

"ಆಸ್ಪತ್ರೆ ತಿರುವಿನಲ್ಲಿ," ಅಂದಳು ಅಕ್ಕ. "ಇವನಿಗಿಂತ ದೊಡ್ಡವನು."